ವೇಷ ಹಾಕಿದರೂ ಸಿಕ್ಕಿಬೀಳುವ ಹಂತಕ

ಸುಗ್ಗಿಯ ಸೋಮವಾರ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೊಸಬ ಯಾರಾದರೂ ಕಾಲಿಟ್ಟರೆ ಅವನನ್ನು ಹುಡುಕಬೇಕಾಗಿಲ್ಲ. ಗೇಟು ದಾಟುವಷ್ಟರಲ್ಲಿ ಕೆಮ್ಮು ಹತ್ತಿರುತ್ತದೆ, ಮೂಗಿಗೆ ಕರ್ಚೀಫು ಬಂದಿರುತ್ತದೆ, ಕಣ್ಣಲ್ಲಿ ನೀರು. ಹಮಾಲರು ನಕ್ಕು ದಾರಿ ಬಿಡುತ್ತಾರೆ. ಈ ಹೊಸಬ ಒಬ್ಬ ಕಳ್ಳ ಎಂದಿಟ್ಟುಕೊಳ್ಳಿ. ಯಾವುದೋ ದಲಾಲಿ ಅಂಗಡಿಯ ಒಳಕೋಣೆಯ ಕಪಾಟಿನಿಂದ ಲೆಕ್ಕದ ಪುಸ್ತಕವೊಂದನ್ನು ಯಾರಿಗೂ ಗೊತ್ತಾಗದ ಹಾಗೆ ಎತ್ತಬೇಕು. ಹೇಗೆ ಹೋಗುತ್ತಾನೆ? ಹಮಾಲನ ಹಾಗೆ ಬೆನ್ನ ಮೇಲೆ ಚೀಲ ಹೊತ್ತರೆ ಅಂಗಡಿಯ ಕಟ್ಟೆಯವರೆಗೆ ಯಾರೂ ತಡೆಯುವುದಿಲ್ಲ, ಗಾದಿಯ ಹತ್ತಿರ ಹೋದರೆ ಮಾತ್ರ ‘ಯಾಕಪಾ’ ಅನ್ನುತ್ತಾರೆ. ಖರೀದಿದಾರನ ಹಾಗೆ ಇಸ್ತ್ರಿ ಅಂಗಿ ತೊಟ್ಟು, ರಾಶಿಯಿಂದ ಒಂದು ಕಾಯಿ ಎತ್ತಿ ಬಿಸಿಲಿಗೆ ಹಿಡಿದು ಬಣ್ಣ ನೋಡುತ್ತ ಬಂದರೆ ಗಾದಿಯ ಮೇಲೆ ಕೂರಿಸಿ ಚಹಾ ತರಿಸುತ್ತಾರೆ. ಆದರೆ ದರದ ಮಾತು ಬಂದಾಗ ತಡವರಿಸಿದನೋ, ಮುಗಿಯಿತು. ಚಹಾ ಹುಡುಗನ ಕೇಟ್ಲಿ ಕೈಗೆ ಸಿಕ್ಕಿತೆಂದರೆ ಮಾರುಕಟ್ಟೆಯ ಯಾವ ಬಾಗಿಲೂ ಮುಚ್ಚಿರುವುದಿಲ್ಲ.

ಪುಸ್ತಕದ ಕಳವಿನ ಬದಲು ಕೊಲೆ ಇಟ್ಟರೆ ಇದೇ ‘ಹಿಟ್‌ಮ್ಯಾನ್’. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನ ಐಒ ಇಂಟರಾಕ್ಟಿವ್ ಕಂಪನಿ 2000ದಿಂದ ನಡೆಸಿಕೊಂಡು ಬಂದಿರುವ ವಿಡಿಯೊ ಗೇಮ್ ಸರಣಿ. ಅದರ ನಾಯಕನಿಗೆ ಹೆಸರಿಲ್ಲ, ನಂಬರು ಮಾತ್ರ: 47. ಬೋಳು ತಲೆ, ಹಿಂದಲೆಯ ಮೇಲೆ ಬಾರ್‌ಕೋಡು, ಕರಿ ಕೋಟು, ಕೆಂಪು ಟೈ. ಪ್ರಯೋಗಾಲಯದಲ್ಲಿ ಹುಟ್ಟಿಸಿ ಬೆಳೆಸಿದ ಬಾಡಿಗೆ ಹಂತಕ. ಬಂದೂಕು ಹಿಡಿದು ನುಗ್ಗುವ ಆಟಗಳ ಸಾಲಿನಲ್ಲಿ ಇದನ್ನು ಇಡುವ ಹಾಗಿಲ್ಲ. ಇಲ್ಲಿ ಗದ್ದಲವಾಯಿತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಕಣ್ಣು ತಪ್ಪಿಸಿ, ವೇಷ ಮರೆಸಿ, ಕಾದು ಕೂತು ಕೆಲಸ ಮುಗಿಸುವ ಇಂಥ ಆಟಗಳಿಗೆ ಸ್ಟೆಲ್ತ್ ಆಟಗಳು ಎನ್ನುತ್ತಾರೆ. ಈ ಸರಣಿಯ ಐದನೆಯ ಆಟ ‘ಹಿಟ್‌ಮ್ಯಾನ್: ಅಬ್ಸಲ್ಯೂಷನ್’ 2012ರ ನವೆಂಬರಿನಲ್ಲಿ ಬಂತು. ಅದಕ್ಕಾಗಿ ಆರು ವರ್ಷ ಕಾದಿದ್ದ ಅಭಿಮಾನಿಗಳು ಆಡಿ ಮುಗಿಸಿ ಮುಖ ಸಣ್ಣ ಮಾಡಿಕೊಂಡರು. ಕೆಟ್ಟ ಆಟವೇ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಖರ್ಚು ಮಾಡಿ, ತಲೆ ಓಡಿಸಿ, ಹಳೆಯ ದೋಷವೊಂದನ್ನು ತಿದ್ದಲು ಹೊರಟು ಕೆಟ್ಟದ್ದು ಅದು. ಆದ್ದರಿಂದಲೇ ಬಿಡಿಸಿ ನೋಡಲು ಯೋಗ್ಯ.

ನಮ್ಮ ಕಡೆ ಈ ಬಗೆಯ ಆಟದ ರುಚಿ ಹತ್ತಿಸಿದ್ದು ಹಿಟ್‌ಮ್ಯಾನ್ ಅಲ್ಲ, ಐಜಿಐ. ಈಗ ನಲವತ್ತರ ಆಸುಪಾಸಿನಲ್ಲಿರುವ ಯಾರನ್ನಾದರೂ ಕೇಳಿ. ಹಾವೇರಿ, ರಾಣೇಬೆನ್ನೂರಿನ ಸೈಬರ್ ಕೆಫೆಗಳಲ್ಲಿ, ಕಂಪ್ಯೂಟರ್ ಕ್ಲಾಸಿನ ಹಿಂದಿನ ಸಾಲಿನಲ್ಲಿ, ಟ್ಯಾಲಿ ಕಲಿಯಲೆಂದು ಮನೆಯಿಂದ ಫೀ ತಂದ ಹುಡುಗರು ‘ಪ್ರಾಜೆಕ್ಟ್ ಐಜಿಐ’ ಆಡುತ್ತಿದ್ದರು. ನಾರ್ವೆಯ ಇನ್ನರ್‌ಲೂಪ್ ಕಂಪನಿ ತಯಾರಿಸಿದ್ದು. ತಂತಿ ಬೇಲಿ, ಕಾವಲು ಗೋಪುರ, ತಿರುಗುವ ಕ್ಯಾಮೆರಾ, ಸೈರನ್ ಹೊಡೆದರೆ ಬ್ಯಾರಕ್ಕಿನಿಂದ ಒಂದರ ಹಿಂದೊಂದು ಹೊರಬೀಳುವ ಗಾರ್ಡುಗಳು. ಅದರ ದೊಡ್ಡ ಕ್ರೌರ್ಯವೆಂದರೆ ಮಿಷನ್ನಿನ ನಡುವೆ ಸೇವ್ ಮಾಡುವ ಸೌಲಭ್ಯವೇ ಇರಲಿಲ್ಲ. ಮುಕ್ಕಾಲು ತಾಸು ತೆವಳಿಕೊಂಡು ಹೋಗಿ ಕೊನೆಯ ಗೇಟಿನ ಹತ್ತಿರ ಗುಂಡು ತಿಂದರೆ ಮತ್ತೆ ಮೊದಲಿನಿಂದ. ನಮ್ಮೂರಲ್ಲಿ ಗುಂಡು ತಿನ್ನುವುದಕ್ಕಿಂತ ಹೆಚ್ಚಾಗಿ ಕರೆಂಟು ಹೋಗುತ್ತಿತ್ತು. ತಾಸಿನ ಬಾಡಿಗೆ ಮಾತ್ರ ಕೆಫೆಯವನು ಪೂರ್ತಿ ಎಣಿಸಿಕೊಳ್ಳುತ್ತಿದ್ದ.

ಐಜಿಐಯನ್ನೂ ಮೊದಲ ಹಿಟ್‌ಮ್ಯಾನನ್ನೂ ಮಾರುಕಟ್ಟೆಗೆ ತಂದದ್ದು ಬ್ರಿಟನ್ನಿನ ಐಡೋಸ್ ಎಂಬ ಒಂದೇ ಕಂಪನಿ, ಅದೂ 2000ದ ಕೊನೆಯ ಎರಡು ತಿಂಗಳಲ್ಲಿ. ನಕಲಿ ಸಿಡಿಗಳ ಪುಣ್ಯದಿಂದ ಎರಡೂ ಒಟ್ಟೊಟ್ಟಿಗೇ ಇಲ್ಲಿಗೂ ಬಂದವು. ಆದರೆ ಮೊದಲ ಹಿಟ್‌ಮ್ಯಾನ್ ಒರಟು. ಎರಡನೆಯದಾದ ‘ಸೈಲೆಂಟ್ ಅಸಾಸಿನ್’ 2002ರಲ್ಲಿ ಬಂದಾಗ ಅದರಲ್ಲಿ ಭಾರತವೂ ಇತ್ತು. ಪಂಜಾಬಿನ ಕಥಾಭಾಗದಲ್ಲಿ ಗುರುದ್ವಾರವನ್ನು ಹೋಲುವ ಜಾಗದಲ್ಲಿ ಪೇಟ ತೊಟ್ಟವರನ್ನು ಕೊಲ್ಲುವಂತಿದೆ ಎಂದು ಸಿಖ್ ಸಂಘಟನೆಗಳು ತಕರಾರೆತ್ತಿದವು, ಐಡೋಸ್ ಅದನ್ನು ತಿದ್ದಬೇಕಾಯಿತು. 2004ರಲ್ಲಿ ‘ಕಾಂಟ್ರಾಕ್ಟ್ಸ್’. 2006ರಲ್ಲಿ ‘ಬ್ಲಡ್ ಮನಿ’. ಅಬ್ಸಲ್ಯೂಷನ್ ಯಾಕೆ ನಿರಾಸೆ ತಂತು ಎಂದು ತಿಳಿಯಲು ಈ ‘ಬ್ಲಡ್ ಮನಿ’ಯ ಹತ್ತಿರ ಸ್ವಲ್ಪ ಹೊತ್ತು ಕೂರಬೇಕು.

ಅದರಲ್ಲೊಂದು ಮಿಷನ್ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ನಡೆಯುತ್ತದೆ. ಪುಚ್ಚಿನಿಯ ‘ಟೋಸ್ಕಾ’ ಎಂಬ ಸಂಗೀತ ನಾಟಕದ ತಾಲೀಮು. ಆ ನಾಟಕದಲ್ಲಿ ನಾಯಕನನ್ನು ಗುಂಡಿಟ್ಟು ಕೊಲ್ಲುವ ದೃಶ್ಯವಿದೆ. ಹಾಡುಗಾರ ಡಿ ಅಲ್ವಾಡೆ ಆ ನಾಯಕನ ಪಾತ್ರಧಾರಿ. ಅವನನ್ನೇ ಮುಗಿಸಬೇಕು. ಅವನ ಗೆಳೆಯ, ರಾಯಭಾರಿ ಡೆಲಾಹಂಟ್, ಮೇಲಿನ ಬಾಲ್ಕನಿಯಲ್ಲಿ ಕೂತು ನೋಡುತ್ತಿರುತ್ತಾನೆ, ಅವನನ್ನೂ ಮುಗಿಸಬೇಕು. ಇಷ್ಟು ಹೇಳಿ ಆಟ ಸುಮ್ಮನಾಗುತ್ತದೆ. ನೀವು ಕಟ್ಟಡದೊಳಗೆ ಅಡ್ಡಾಡುತ್ತೀರಿ. ಬಣ್ಣದ ಕೋಣೆ, ಬಡಗಿಗಳು, ನೆಲಮಾಳಿಗೆ, ಮೇಲೆ ದೀಪಗಳ ಅಟ್ಟ. ಗುಂಡು ಹಾರಿಸುವ ಪಾತ್ರದವನ ಕೋಣೆಯಲ್ಲಿ ಹುಸಿ ಪಿಸ್ತೂಲು ಇದೆ ಎಂದು ಗೊತ್ತಾಗುತ್ತದೆ. ಅದೇ ಮಾದರಿಯ ನಿಜವಾದ ಪಿಸ್ತೂಲೂ ನಿಮಗೆ ಸಿಗುತ್ತದೆ. ನಿಜವಾದದ್ದನ್ನು ಅಲ್ಲಿಟ್ಟು ಹುಸಿಯದನ್ನು ಎತ್ತಿಕೊಂಡು ಬಂದರೆ ಸಾಕು. ತಾಲೀಮು ತನ್ನ ಪಾಡಿಗೆ ನಡೆಯುತ್ತದೆ, ಆ ದೃಶ್ಯ ಬರುತ್ತದೆ, ಗುಂಡು ಹಾರುತ್ತದೆ, ಹಾಡುಗಾರ ಬೀಳುತ್ತಾನೆ. ಚೆನ್ನಾಗಿ ಅಭಿನಯಿಸಿದ ಎಂದೇ ಎಲ್ಲರೂ ಒಂದು ಕ್ಷಣ ಅಂದುಕೊಳ್ಳುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ. ಗೆಳೆಯ ಬಿದ್ದದ್ದು ಕಂಡು ರಾಯಭಾರಿ ಕೆಳಗೆ ಓಡಿಬರುತ್ತಾನೆ. ಅವನು ಓಡಿಬರುತ್ತಾನೆ ಎಂಬುದನ್ನು ಮೊದಲೇ ಊಹಿಸಿದವರು ಮೇಲಿನ ತೂಗುದೀಪಕ್ಕೆ ಬಾಂಬ್ ಕಟ್ಟಿ ಇಟ್ಟಿರುತ್ತಾರೆ.

ಇದನ್ನು ಹೀಗೇ ಮಾಡಬೇಕೆಂದು ಆಟ ಎಲ್ಲೂ ಹೇಳುವುದಿಲ್ಲ. ಗುಂಡು ಹಾರಿಸುವ ಪಾತ್ರಧಾರಿಯ ವೇಷವನ್ನು ನೀವೇ ತೊಟ್ಟು ರಂಗದ ಮೇಲೆ ನಿಂತು ಸರಿಯಾದ ಹೊತ್ತಿಗೆ ಕುದುರೆ ಎಳೆಯಬಹುದು. ದೂರದಿಂದಲೇ ಗುಂಡು ಹೊಡೆಯಬಹುದು. ಜಾಗ ಒಂದು, ಅದರಲ್ಲಿ ತಂತಮ್ಮ ಕೆಲಸದಲ್ಲಿ ತೊಡಗಿದ ಜನ, ಅವರ ನಡುವೆ ಒಂದು ಗಡಿಯಾರದಂಥ ಕ್ರಮ. ಆ ಕ್ರಮವನ್ನು ಕೂತು ನೋಡಿ, ಎಲ್ಲಿ ಒಂದು ಕಡ್ಡಿ ಅಡ್ಡ ಇಟ್ಟರೆ ಎಲ್ಲ ಉರುಳುತ್ತದೆ ಎಂದು ಕಂಡುಕೊಳ್ಳುವುದು ನಿಮ್ಮ ಕೆಲಸ. ಕೊಲೆಗಿಂತ ಈ ಕಾಯುವಿಕೆಯಲ್ಲೇ ಆಟದ ಸುಖ ಇತ್ತೆಂದು ನನ್ನ ಲೆಕ್ಕ.

ಪತ್ರಿಕೆಯವನಾದ ನನಗೆ ‘ಬ್ಲಡ್ ಮನಿ’ಯ ಇನ್ನೊಂದು ಸಂಗತಿ ಬಹಳ ಹಿಡಿಸಿತ್ತು. ಪ್ರತಿ ಮಿಷನ್ ಮುಗಿದ ಮೇಲೆ ಮರುದಿನದ ಪತ್ರಿಕೆಯ ಮುಖಪುಟ ತೆರೆಯುತ್ತಿತ್ತು. ನೀವು ಮಾಡಿದ ಕೆಲಸವೇ ಸುದ್ದಿ. ಅಚ್ಚುಕಟ್ಟಾಗಿ ಮುಗಿಸಿದ್ದರೆ ಅಪಘಾತ ಎಂಬ ವರದಿ. ಹಸಿಬಿಸಿ ಮಾಡಿದ್ದರೆ ಎಷ್ಟು ಜನ ಸತ್ತರು, ಸಾಕ್ಷಿಗಳು ಏನಂದರು, ಜೊತೆಗೆ ನಿಮ್ಮದೇ ಮುಖದ ರೇಖಾಚಿತ್ರ. ಸಾಕ್ಷಿಗಳು ಹೆಚ್ಚಿದಷ್ಟೂ ಚಿತ್ರ ನಿಮ್ಮನ್ನೇ ಹೋಲುತ್ತಿತ್ತು. ಮುಂದಿನ ಮಿಷನ್ನಿನಲ್ಲಿ ಜನ ನಿಮ್ಮನ್ನು ಬೇಗ ಗುರುತಿಸುತ್ತಿದ್ದರು. ಬಾಯಿ ಮುಚ್ಚಿಸಲು, ಕಡತ ಮುಚ್ಚಿಸಲು ದುಡ್ಡು ಬಿಚ್ಚಬೇಕಿತ್ತು. ಅಂಕಪಟ್ಟಿಯನ್ನು ಸುದ್ದಿಯ ರೂಪದಲ್ಲಿ ಕೊಡುವ ಇಷ್ಟು ಚೆಂದದ ಉಪಾಯವನ್ನು ಬೇರೆ ಆಟದಲ್ಲಿ ನಾನು ಕಂಡಿಲ್ಲ. ಅಬ್ಸಲ್ಯೂಷನ್‌ನಲ್ಲಿ ಅದನ್ನು ತೆಗೆದರು. ಅದರ ಜಾಗಕ್ಕೆ ಪರದೆಯ ಮೂಲೆಯಲ್ಲಿ ಏರಿಳಿಯುವ ಅಂಕಿಗಳು ಬಂದವು. ಗುರಿಯಲ್ಲದವನನ್ನು ಕೊಂದರೆ ಆಗಿಂದಾಗಲೇ ಅಂಕ ಕಡಿತ. ಹೆಗಲ ಮೇಲಿಂದ ಇಣುಕಿ ನೋಡುತ್ತ ಕೆಂಪು ಪೆನ್ನು ಹಿಡಿದು ನಿಂತ ಮಾಸ್ತರನ ಎದುರು ಲೆಕ್ಕ ಮಾಡಿದ ಹಾಗಾಯಿತು.

2006ರಿಂದ 2012ರ ನಡುವೆ ಐಒ ಕಂಪನಿಯ ಸುತ್ತಲಿನ ಲೋಕವೇ ಬದಲಾಗಿತ್ತು. ಐಡೋಸನ್ನು ಜಪಾನಿನ ಸ್ಕ್ವೇರ್ ಎನಿಕ್ಸ್ 2009ರಲ್ಲಿ ಕೊಂಡುಕೊಂಡಿತು. ನಡುವೆ ಐಒ ‘ಕೇನ್ ಅಂಡ್ ಲಿಂಚ್’ ಎಂಬ ಬಂದೂಕಿನ ಆಟಗಳನ್ನು ಮಾಡಿತು. ಆಟವೆಂದರೆ ಸಿನಿಮಾದ ಹಾಗಿರಬೇಕು, ದೃಶ್ಯದಿಂದ ದೃಶ್ಯಕ್ಕೆ ಆಡುವವನನ್ನು ಕೈಹಿಡಿದು ಕರೆದೊಯ್ಯಬೇಕು ಎಂಬ ಗಾಳಿ ಆಗ ಎಲ್ಲ ಕಡೆ ಬೀಸುತ್ತಿತ್ತು. ಅಬ್ಸಲ್ಯೂಷನ್‌ಗೆ ಕೀತ್ ಕ್ಯಾರಡೈನ್, ಪವರ್ಸ್ ಬೂತ್ ಅವರಂಥ ಹಾಲಿವುಡ್ ನಟರನ್ನು ತಂದರು. 47ಕ್ಕೆ ಮೊದಲಿನಿಂದ ದನಿ ಕೊಟ್ಟ ಡೇವಿಡ್ ಬೇಟ್ಸನ್‌ರನ್ನು ಕೈಬಿಟ್ಟ ಸುದ್ದಿ ಬಂತು, ಅಭಿಮಾನಿಗಳು ಗಲಾಟೆ ಮಾಡಿದರು, ಕೊನೆಗೆ ಅವರೇ ಮರಳಿದರು. ಮೊದಲ ನಾಲ್ಕು ಆಟಗಳಿಗೆ ಸಂಗೀತ ಕೊಟ್ಟಿದ್ದ ಜೆಸ್ಪರ್ ಕಿಡ್ ಮಾತ್ರ ಮರಳಲಿಲ್ಲ.

ಕಥೆ ಹೀಗಿದೆ. 47ಕ್ಕೆ ಇಷ್ಟು ವರ್ಷ ಫೋನಿನಲ್ಲಿ ಕೆಲಸ ಒಪ್ಪಿಸುತ್ತಿದ್ದ ಡಯಾನಾಳನ್ನೇ ಕೊಲ್ಲಲು ಈ ಸಲ ಆದೇಶ. ಗುಂಡು ತಿಂದ ಡಯಾನಾ ವಿಕ್ಟೋರಿಯಾ ಎಂಬ ಹುಡುಗಿಯನ್ನು ಕಾಪಾಡೆಂದು ಬೇಡಿಕೊಳ್ಳುತ್ತಾಳೆ. ಅಲ್ಲಿಂದ 47 ತನ್ನದೇ ಸಂಸ್ಥೆಯಿಂದ ತಪ್ಪಿಸಿಕೊಂಡು ಓಡುತ್ತಾನೆ. ನೋಡಿ, ಮೊದಲ ಏಟು ಇಲ್ಲೇ ಬಿತ್ತು. ಹಳೆಯ ಆಟಗಳಲ್ಲಿ 47 ಬೇಟೆಗಾರ. ಗಡಿಬಿಡಿ ಇಲ್ಲ, ಕಾಯಲು ಬೇಕಾದಷ್ಟು ಹೊತ್ತು. ಈಗ ಅವನೇ ಬೇಟೆ. ಓಡುವವನಿಗೆ ಬೇಕಾದದ್ದು ದಾರಿ, ಜಾಗವಲ್ಲ. ಹೀಗಾಗಿ ಎಷ್ಟೋ ಭಾಗಗಳಲ್ಲಿ ಕೊಲ್ಲಬೇಕಾದ ಗುರಿಯೇ ಇಲ್ಲ. ಈ ತುದಿಯ ಬಾಗಿಲಿಂದ ಆ ತುದಿಯ ಬಾಗಿಲು ಸೇರಿದರೆ ಮುಗಿಯಿತು. ಷಿಕಾಗೊ ಪೊಲೀಸರಿಂದ ಪಾರಾಗುವ ‘ರನ್ ಫಾರ್ ಯುವರ್ ಲೈಫ್’ ಭಾಗವನ್ನೇ ತೆಗೆದುಕೊಳ್ಳಿ: ಪಾಳುಬಿದ್ದ ಗ್ರಂಥಾಲಯ, ಕಪಾಟುಗಳ ಸಂದಿ, ಟಾರ್ಚು ಹಿಡಿದ ಪೊಲೀಸರು. ನೋಡಲು ಬೆರಗು. ಮಾಡಲು ಒಂದೇ ಕೆಲಸ, ಆಚೆ ಹೋಗುವುದು.

ಈಗ ವೇಷದ ವಿಷಯಕ್ಕೆ ಬರುತ್ತೇನೆ, ಜಗಳವೆಲ್ಲ ಇದರ ಸುತ್ತಲೇ. ‘ಬ್ಲಡ್ ಮನಿ’ಯಲ್ಲಿ ಗಾರ್ಡಿನ ಬಟ್ಟೆ ತೊಟ್ಟರೆ ನೀವು ಗಾರ್ಡು, ಅಷ್ಟೆ. ಬೋಳು ತಲೆಯ ಮೇಲೆ ಬಾರ್‌ಕೋಡು ಹೊಳೆಯುತ್ತಿದ್ದರೂ ಸಂಗಾತಿ ಗಾರ್ಡು ತಿರುಗಿ ನೋಡುವುದಿಲ್ಲ. ಇದು ಹಾಸ್ಯಾಸ್ಪದ ಎಂದು ಐಒದವರಿಗೂ ಗೊತ್ತಿತ್ತು. ಅದಕ್ಕೂ ಹಿಂದಿನ ‘ಸೈಲೆಂಟ್ ಅಸಾಸಿನ್’ನಲ್ಲಿ ಇದರ ತದ್ವಿರುದ್ಧ: ಸ್ವಲ್ಪ ಓಡಿದರೂ ಗಾರ್ಡುಗಳಿಗೆ ಸಂಶಯ. ಎರಡರ ನಡುವಿನ ಹದ ಹುಡುಕಲು ಅಬ್ಸಲ್ಯೂಷನ್ ಒಂದು ನಿಯಮ ಮಾಡಿತು. ನೀವು ಯಾರ ವೇಷ ಹಾಕುತ್ತೀರೋ ಅದೇ ವೃತ್ತಿಯವರು ಮಾತ್ರ ನಿಮ್ಮನ್ನು ಗುರುತಿಸುತ್ತಾರೆ. ಅಡುಗೆಯವನ ವೇಷ ಹಾಕಿದರೆ ಪೊಲೀಸನಿಗೆ ಸಂಶಯವಿಲ್ಲ, ಅಡುಗೆಯವರಿಗೆ ಇದೆ. ಪೊಲೀಸನ ವೇಷ ಹಾಕಿದರೆ ಅಡುಗೆಯವರು ಸುಮ್ಮನಿರುತ್ತಾರೆ, ಪೊಲೀಸರು ದಿಟ್ಟಿಸುತ್ತಾರೆ.

ಕೇಳಲು ಸರಿ ಅನ್ನಿಸುತ್ತದೆ. ನಮ್ಮ ಮಾರುಕಟ್ಟೆಗೆ ಹಚ್ಚಿ ನೋಡಿದರೆ ತಪ್ಪು ಕಾಣುತ್ತದೆ. ದಲಾಲಿ ಅಂಗಡಿಯೊಂದರ ನಾಲ್ಕು ಗುಮಾಸ್ತರು ಒಬ್ಬರನ್ನೊಬ್ಬರು ಬಲ್ಲರು. ಐದನೆಯವನು ಗುಮಾಸ್ತನಂತೆ ಬಂದು ಕೂತರೆ ಹಿಡಿಯುತ್ತಾರೆ. ಆದರೆ ಲಕ್ಷಕ್ಕೂ ಮಿಕ್ಕಿ ಚೀಲ ಬಂದು ಬೀಳುವ ದಿನ ಸುತ್ತಲ ಊರುಗಳಿಂದೆಲ್ಲ ದುಡಿಯಲು ಬಂದ ಹಮಾಲರಲ್ಲಿ ಯಾರಿಗೆ ಯಾರು ಗೊತ್ತು? ಅಲ್ಲಿ ಗುರುತು ಹಿಡಿಯುವವನು ಗುಂಪಿನ ಮೇಸ್ತ್ರಿ ಒಬ್ಬನೇ. ಯಾಕೆಂದರೆ ಸಂಜೆ ಕೂಲಿ ಹಂಚುವವನು ಅವನು, ತಲೆ ಎಣಿಸಿಟ್ಟುಕೊಂಡಿರುತ್ತಾನೆ. ಅಬ್ಸಲ್ಯೂಷನ್ ಪ್ರತಿ ಹಮಾಲನನ್ನೂ ಮೇಸ್ತ್ರಿ ಮಾಡಿತು. ಷಿಕಾಗೊದಂಥ ಮಹಾನಗರದಲ್ಲಿ ಪ್ರತಿ ಪೊಲೀಸನಿಗೂ ಪ್ರತಿ ಪೊಲೀಸನ ಮುಖ ಪರಿಚಯ ಎಂದಾಯಿತು.

ಇದಕ್ಕೆ ಪರಿಹಾರವೆಂದು ಆಟ ಕೊಟ್ಟದ್ದು ‘ಇನ್‌ಸ್ಟಿಂಕ್ಟ್’ ಎಂಬ ಹಳದಿ ಪಟ್ಟಿ. ಸಂಶಯದ ಪೊಲೀಸ್ ಎದುರಾದಾಗ ಒಂದು ಬಟನ್ ಒತ್ತಿಹಿಡಿದರೆ 47 ಟೋಪಿ ಕೆಳಗೆಳೆದು, ಕೈ ಅಡ್ಡ ಹಿಡಿದು ಮುಖ ಮರೆಸಿಕೊಂಡು ದಾಟುತ್ತಾನೆ. ಒತ್ತಿಹಿಡಿದಷ್ಟು ಹೊತ್ತೂ ಪಟ್ಟಿ ಕರಗುತ್ತದೆ. ಕಷ್ಟದ ಮಟ್ಟದಲ್ಲಿ ಆಡುತ್ತಿದ್ದರೆ ಅದು ತಾನಾಗಿ ತುಂಬಿಕೊಳ್ಳುವುದಿಲ್ಲ. ಯಾರನ್ನಾದರೂ ಸದ್ದಿಲ್ಲದೆ ಉರುಳಿಸಿ ಬಚ್ಚಿಟ್ಟು ಸಂಪಾದಿಸಬೇಕು. ಅದೇ ಪಟ್ಟಿ ಗೋಡೆಯಾಚೆಯ ಜನರನ್ನೂ ತೋರಿಸುತ್ತದೆ, ಗಾರ್ಡು ಮುಂದೆ ನಡೆಯಲಿರುವ ದಾರಿಯನ್ನು ನೆಲದ ಮೇಲೆ ಬೆಂಕಿಯ ಗೆರೆಯಂತೆ ಬರೆದುಕೊಡುತ್ತದೆ. ಕೂತು ನೋಡಿ ಕಲಿಯಬೇಕಾದ್ದನ್ನು ಬಟನ್ ಹೇಳಿಕೊಟ್ಟಿತು. ಇನ್ನು ಕೈಯಿಂದ ಮುಖ ಮುಚ್ಚಿಕೊಂಡು ನಡೆಯುವವನ ಮೇಲಿನ ಸಂಶಯ ಕರಗುತ್ತದೆ ಎಂಬ ಆಟದ ತರ್ಕ! ನಮ್ಮ ಕಡೆ ಹಾಗೆ ನಡೆದರೆ ಸಾಲಗಾರ ಇರಬೇಕೆಂದು ಇನ್ನೂ ನಾಲ್ಕು ಜನ ತಿರುಗಿ ನೋಡುತ್ತಾರೆ.

ಬಹಳ ವಿಮರ್ಶಕರು ಓಡುದಾರಿಯ ಲೆವೆಲ್ಲುಗಳನ್ನು ಒಂದು ದೋಷ, ವೇಷದ ನಿಯಮವನ್ನು ಇನ್ನೊಂದು ದೋಷ ಎಂದು ಬೇರೆ ಬೇರೆ ಎಣಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಒಂದು ಇನ್ನೊಂದನ್ನು ಕೆಡಿಸಿತು. ವೃತ್ತಿಯ ಲೆಕ್ಕದಲ್ಲಿ ಸಂಶಯ ಹುಟ್ಟುವ ನಿಯಮ ನಡೆಯಬೇಕಾದರೆ ಜಾಗದಲ್ಲಿ ಹತ್ತಾರು ವೃತ್ತಿಯ ಜನ ಇರಬೇಕು. ಇಲ್ಲಿ ಅಡುಗೆಯವನ ಬಟ್ಟೆ, ಅಲ್ಲಿ ಮಾಲಿಯ ಬಟ್ಟೆ, ಆಚೆ ಡಾಕ್ಟರನ ಬಟ್ಟೆ. ಯಾವ ವೇಷದಲ್ಲಿ ಯಾರ ಕಣ್ಣು ತಪ್ಪಿಸಬಹುದು ಎಂದು ಹೊಂದಿಸಿಕೊಳ್ಳುತ್ತ ಹೋಗಬೇಕು. ಅಂಥ ಜಾಗದಲ್ಲಿ ಅಬ್ಸಲ್ಯೂಷನ್‌ನ ನಿಯಮ ‘ಬ್ಲಡ್ ಮನಿ’ಯದಕ್ಕಿಂತ ಚುರುಕಾಗಿರುತ್ತಿತ್ತು. ಆದರೆ ಗ್ರಂಥಾಲಯದ ಆ ಓಣಿಯಲ್ಲಿ ಇರುವವರೇ ಪೊಲೀಸರು. ಸಿಗುವ ಬಟ್ಟೆಯೂ ಪೊಲೀಸರದ್ದೇ. ತೊಟ್ಟೊಡನೆ ಎದುರಿಗಿರುವ ಎಲ್ಲರೂ ಸಂಶಯಪಡುವ ಏಕೈಕ ವೇಷ ಅದು. ತೊಡದೆ ಕೋಟಿನಲ್ಲೇ ಮೇಜಿನ ಕೆಳಗೆ ತೆವಳುವುದು ಸಲೀಸು. ವೇಷಕ್ಕೆ ಹೆಸರಾದ ಸರಣಿಯಲ್ಲಿ ವೇಷ ಹಾಕದಿರುವುದೇ ಜಾಣತನವಾದರೆ ಉಳಿದದ್ದೇನು?

ರಾಣೇಬೆನ್ನೂರಿನಲ್ಲಿ ಇಂಜಿನಿಯರಿಂಗ್ ಓದುವ, ದೂರದ ಸಂಬಂಧಿಯಾದ ಹುಡುಗನೊಬ್ಬನ ಹತ್ತಿರ ಇದನ್ನೆಲ್ಲ ಹೇಳಿದಾಗ ಅವನು ಒಪ್ಪಲಿಲ್ಲ. “ಕಾಕಾ, ನಿಮಗ ಹಳೇದು ಅಂದ್ರ ಎಲ್ಲಾ ಚಲೋನ. ಬ್ಲಡ್ ಮನಿಯೊಳಗ ಡ್ರೆಸ್ ಹಾಕ್ಕೊಂಡ ಮ್ಯಾಲೆ ಮನಿಯೊಳಗ ಅಡ್ಡಾಡಿದಂಗ ಅಡ್ಡಾಡಬಹುದ್ರೀ, ಏನ್ ಅಂಜಿಕಿ ಐತಿ ಅದರಾಗ? ಇದರಾಗ ಎದಿ ಹೊಡ್ಕೋತೈತಿ” ಅಂದ. ಅವನ ಮಾತಿನಲ್ಲಿ ಅರ್ಧ ನಿಜವಿದೆ. ಅಬ್ಸಲ್ಯೂಷನ್‌ನಿಂದಲೇ ಈ ಸರಣಿಗೆ ಬಂದವರಿಗೆ ಅದು ಪ್ರಿಯ ಆಟ, ಬೇಸರ ಬಂದದ್ದು ಹಿಂದಿನವನ್ನು ಆಡಿ ಬಂದವರಿಗೆ. ಆದರೆ ಎದೆ ಹೊಡೆದುಕೊಳ್ಳುವುದಕ್ಕೂ ಒಂದು ಹದ ಬೇಕು. ಚೆಕ್‌ಪಾಯಿಂಟಿನ ವ್ಯವಸ್ಥೆ ಕೇಳಿ: ಬೇಕೆಂದಲ್ಲಿ ಸೇವ್ ಮಾಡುವ ಹಳೆಯ ಪದ್ಧತಿ ತೆಗೆದು, ಲೆವೆಲ್ಲಿನೊಳಗೆ ಅಲ್ಲಲ್ಲಿ ಹೊಳೆಯುವ ಗುರುತುಗಳನ್ನು ಇಟ್ಟರು. ಅದನ್ನು ಹುಡುಕಿ ಮುಟ್ಟಬೇಕು. ಮುಟ್ಟಿದ ಮೇಲೆ ಸತ್ತು ಮರಳಿದರೆ, ನೀವು ಅಷ್ಟು ಕಷ್ಟಪಟ್ಟು ಒಬ್ಬೊಬ್ಬರನ್ನಾಗಿ ಉರುಳಿಸಿ ಪೆಟ್ಟಿಗೆಯಲ್ಲಿ ತುಂಬಿದ್ದ ಗಾರ್ಡುಗಳು ಮತ್ತೆ ತಂತಮ್ಮ ಜಾಗದಲ್ಲಿ ಹಾಜರ್. ಐಜಿಐ ನಮ್ಮನ್ನು ಗೋಳಾಡಿಸುತ್ತಿತ್ತು ನಿಜ, ಆದರೆ ಹೀಗೆ ಅರ್ಧ ಲೆಕ್ಕ ಇಟ್ಟು ಅರ್ಧ ಅಳಿಸುತ್ತಿರಲಿಲ್ಲ.

ಒಳ್ಳೆಯದನ್ನೂ ಹೇಳಬೇಕು. ಎರಡನೆಯ ಭಾಗ ‘ದಿ ಕಿಂಗ್ ಆಫ್ ಚೈನಾಟೌನ್’ ಹಳೆಯ ಹಿಟ್‌ಮ್ಯಾನೇ. ನಡುವೆ ಮಂಟಪವಿರುವ ಒಂದು ಸಂತೆ, ಭುಜಕ್ಕೆ ಭುಜ ತಾಗುವ ಜನಸಂದಣಿ, ಅದರ ನಡುವೆ ಮೆರೆಯುವ ಒಬ್ಬ ಪುಂಡ. ಅವನು ತಿನ್ನುವುದಕ್ಕೆ ವಿಷ ಬೆರೆಸಬಹುದು, ಅವನ ಕಾರಿನ ಹತ್ತಿರ ಬಾಂಬಿಡಬಹುದು, ಎತ್ತರದ ಕೋಣೆಯಿಂದ ಗುರಿಯಿಡಬಹುದು. ಅಷ್ಟು ದೊಡ್ಡ ಗುಂಪನ್ನು ಒಂದೇ ಪರದೆಯ ಮೇಲೆ ಅಲುಗಾಡಿಸಿದ್ದು ಆ ಕಾಲಕ್ಕೆ ಸಾಧನೆ. ಐಒ ಹೊಸದಾಗಿ ಕಟ್ಟಿದ ಗ್ಲೇಸಿಯರ್ 2 ಎಂಬ ಎಂಜಿನ್ನಿನ ಕೈಚಳಕ ಅದು. ಆದರೆ ಆ ಸಂತೆ ಬೇಗ ಮುಗಿದುಹೋಗುತ್ತದೆ, ಅಂಥದ್ದು ಮತ್ತೆ ಬರುವುದು ಅಪರೂಪ. ಹಾಗೆಯೇ ‘ಕಾಂಟ್ರಾಕ್ಟ್ಸ್’ ಎಂಬ ವಿಭಾಗ: ಲೆವೆಲ್ಲಿನೊಳಗಿನ ಯಾವನೋ ಒಬ್ಬನನ್ನು ಆರಿಸಿ, ಇಂಥ ಆಯುಧದಿಂದ, ಇಂಥ ವೇಷದಲ್ಲಿ ಮುಗಿಸಿ ತೋರಿಸಿ ಎಂದು ಆಟಗಾರರೇ ಒಬ್ಬರಿಗೊಬ್ಬರು ಸವಾಲು ಹಾಕಬಹುದಿತ್ತು. ಕಂಪನಿ ಕಿತ್ತುಕೊಂಡ ಸ್ವಾತಂತ್ರ್ಯವನ್ನು ಆಟಗಾರರು ಹಿಂಬಾಗಿಲಿನಿಂದ ಮರಳಿ ಪಡೆದರು. ಯುರೋಪಿನ ಖಾಸಗಿ ಮಾಹಿತಿಯ ಕಾನೂನು ಜಾರಿಗೆ ಬಂದ 2018ರಲ್ಲಿ ಅದರ ಸರ್ವರ್ ನಿಂತಿತು. ಈಗ ಕೊಂಡವರಿಗೆ ಆ ಭಾಗ ಸಿಗುವುದಿಲ್ಲ.

ಪ್ರಚಾರದ ಎಡವಟ್ಟುಗಳು ಬೇರೆ. 2012ರ ಮೇನಲ್ಲಿ ಬಂದ ಟ್ರೇಲರಿನಲ್ಲಿ ಸನ್ಯಾಸಿನಿಯರ ನಿಲುವಂಗಿ ಕಳಚಿ ರಬ್ಬರ್ ಉಡುಪಿನಲ್ಲಿ ಬಂದೂಕು ಹಿಡಿದ ಹೆಂಗಸರನ್ನು 47 ಬಡಿದು ಕೊಲ್ಲುತ್ತಾನೆ. ಛೀಮಾರಿ ಬಿತ್ತು, ನಿರ್ದೇಶಕ ಟೋರೆ ಬ್ಲೈಸ್ಟಾಡ್ ವಿಷಾದ ವ್ಯಕ್ತಪಡಿಸಿದರು. ಡಿಸೆಂಬರಿನಲ್ಲಿ ಫೇಸ್‌ಬುಕ್ ಗೆಳೆಯರ ಮೇಲೆ ‘ಸುಪಾರಿ’ ಕೊಡುವ ಒಂದು ತಮಾಷೆಯ ಆ್ಯಪ್ ಬಿಟ್ಟು, ಅದರಲ್ಲಿದ್ದ ಹೊಲಸು ಕಾರಣಗಳ ಪಟ್ಟಿಗಾಗಿ ಅಂದೇ ಹಿಂದೆಗೆದುಕೊಂಡರು. ಬೆಕ್ಕಿನ ಹೆಜ್ಜೆಯ ಆಟಕ್ಕೆ ಇಷ್ಟು ಡಂಗುರ ಯಾಕೆ ಬೇಕಿತ್ತೋ.

ಮಾರಾಟ ಕಡಿಮೆಯೇನೂ ಆಗಲಿಲ್ಲ. 2013ರ ಮಾರ್ಚಿನಲ್ಲಿ ಸ್ಕ್ವೇರ್ ಎನಿಕ್ಸ್ ಹೇಳಿದ ಲೆಕ್ಕ 36 ಲಕ್ಷ ಪ್ರತಿ. ಪತ್ರಿಕೆಗಳ ವಿಮರ್ಶೆಯೂ ಒಟ್ಟಾರೆ ಪರವಾಗಿಲ್ಲ ಎಂಬಂತೆಯೇ ಇತ್ತು. ಆದರೆ ಹಾಕಿದ ದುಡ್ಡಿಗೆ ಅಷ್ಟು ಮಾರಾಟ ಸಾಲದೆಂದು ಕಂಪನಿ ಗೊಣಗಿತು. ಆ ವರ್ಷ ನಷ್ಟ ತೋರಿಸಿ ಅದರ ಅಧ್ಯಕ್ಷ ಯೋಇಚಿ ವಾಡಾ ಹುದ್ದೆ ಬಿಟ್ಟರು. ಜೂನಿನಲ್ಲಿ ಐಒದ ಸುಮಾರು ಅರ್ಧದಷ್ಟು ನೌಕರರನ್ನು ಮನೆಗೆ ಕಳಿಸಿದರು. 36 ಲಕ್ಷ ಪ್ರತಿ ಹೋದ ಆಟವನ್ನು ಸೋಲು ಎನ್ನುವ ವ್ಯಾಪಾರದ ಅಂದಾಜೇ ಎಲ್ಲೋ ತಪ್ಪಿತ್ತು. ಎಲ್ಲರಿಗೂ ಹಿಡಿಸಲಿ ಎಂದು ಸಿನಿಮಾ ಮಾಡಿದ್ದಕ್ಕೆ ಖರ್ಚೂ ಸಿನಿಮಾದಷ್ಟಾಯಿತು; ಸಿನಿಮಾ ನೋಡುವವರೆಲ್ಲ ಬರಲಿಲ್ಲ.

ಉಳಿದ ಅರ್ಧ ಜನ ಮಾಡಿದ ಕೆಲಸ ಕುತೂಹಲದ್ದು. 2016ರ ಮಾರ್ಚಿನಲ್ಲಿ ಬರೀ ‘ಹಿಟ್‌ಮ್ಯಾನ್’ ಎಂಬ ಹೆಸರಿನಲ್ಲಿ ಹೊಸ ಆಟ ಕಂತುಗಳಲ್ಲಿ ಬರತೊಡಗಿತು. ಮೊದಲು ಪ್ಯಾರಿಸ್ಸಿನ ಫ್ಯಾಷನ್ ಶೋ, ಆಮೇಲೆ ಇಟಲಿಯ ಸಪಿಯೆಂಜಾ ಎಂಬ ಕಾಲ್ಪನಿಕ ಕಡಲೂರು, ಮುಂದೆ ಮರಕೇಶ್, ಬ್ಯಾಂಕಾಕ್. ಒಂದೊಂದು ಕಂತಿಗೆ ಒಂದೊಂದೇ ಜಾಗ, ಅದೂ ಅಡ್ಡಾಡಿ ಮುಗಿಯದಷ್ಟು ದೊಡ್ಡದು. ವೇಷದ ನಿಯಮವನ್ನು ಅವರು ಬಿಸಾಕಲಿಲ್ಲ, ತಿದ್ದಿದರು. ಈಗ ಒಂದು ವೇಷವನ್ನು ಸಂಶಯಿಸುವವರು ಕೆಲವರೇ: ತನ್ನ ಕೈಕೆಳಗಿನವರನ್ನು ಬಲ್ಲ ಮುಖ್ಯ ಬಾಣಸಿಗ, ಗಾರ್ಡುಗಳ ನಾಯಕ. ಅವರ ತಲೆಯ ಮೇಲೆ ಬಿಳಿ ಚುಕ್ಕೆ ಇರುತ್ತದೆ. ಉಳಿದವರಿಗೆ ನೀವು ಬರೀ ಇನ್ನೊಬ್ಬ ಕೆಲಸಗಾರ. ಮುಖ ಮುಚ್ಚಿಕೊಳ್ಳುವ ಬಟನ್ ಹೋಯಿತು. ಅದರ ಬದಲು ಬಾರಿನ ಹಿಂದೆ ನಿಂತು ಗ್ಲಾಸು ಒರೆಸಬಹುದು, ಕಸ ಗುಡಿಸಬಹುದು. ತೊಟ್ಟ ವೇಷಕ್ಕೆ ತಕ್ಕ ಕೆಲಸ ಮಾಡುತ್ತ ನಿಂತವನನ್ನು ಯಾರೂ ಕೇಳುವುದಿಲ್ಲ. ಗ್ಲೇಸಿಯರ್ ಎಂಜಿನ್ ಅದೇ, ಜನಸಂದಣಿಯ ತಂತ್ರ ಅದೇ, ಕಾಂಟ್ರಾಕ್ಟ್ಸ್ ವಿಭಾಗ ಅದೇ. ಅಬ್ಸಲ್ಯೂಷನ್‌ಗೆ ಹಾಕಿದ ಬಂಡವಾಳ ಬಡ್ಡಿ ಸಮೇತ ಮರಳಿದ್ದು ಇಲ್ಲಿ.

ಸ್ಕ್ವೇರ್ ಎನಿಕ್ಸ್‌ಗೆ ಅಷ್ಟು ತಾಳ್ಮೆ ಇರಲಿಲ್ಲ. 2017ರ ಮೇನಲ್ಲಿ ಅದು ಐಒವನ್ನು ಕೈಬಿಡುವುದಾಗಿ ಹೇಳಿತು. ಮರುತಿಂಗಳೇ ಐಒದವರು ಕಂಪನಿಯನ್ನು ತಾವೇ ಕೊಂಡುಕೊಂಡು, ಹಿಟ್‌ಮ್ಯಾನ್ ಹಕ್ಕುಗಳ ಸಮೇತ ಹೊರಬಂದರು. 2018ರ ‘ಹಿಟ್‌ಮ್ಯಾನ್ 2’ರಲ್ಲಿ 47 ಮತ್ತೆ ಭಾರತಕ್ಕೆ ಬಂದ, ಈ ಸಲ ಮುಂಬೈಗೆ. ಮೂವರು ಗುರಿಗಳಲ್ಲಿ ಒಬ್ಬನ ಮುಖ ಹೇಗಿದೆಯೆಂದೇ ಯಾರಿಗೂ ಗೊತ್ತಿಲ್ಲ. ಅವನು ಯಾರೆಂದು ಓಣಿಗಳಲ್ಲಿ ಅಡ್ಡಾಡಿ ಪತ್ತೆ ಮಾಡಬೇಕು. ಕ್ಷೌರಿಕನ ವೇಷ ಹಾಕಿ ಅವನ ಗಡ್ಡಕ್ಕೆ ಕತ್ತಿ ಹಿಡಿಯುವ ಅವಕಾಶವೂ ಇದೆ. ಇನ್ನೊಬ್ಬ ಸಿನಿಮಾ ನಿರ್ಮಾಪಕ, ಬೇರೊಬ್ಬ ಹಂತಕನೂ ಅಲ್ಲೇ ಇದ್ದಾನೆ; ಅವನಿಂದಲೇ ಕೆಲಸ ಮಾಡಿಸಿ ನೀವು ಕೈಕಟ್ಟಿ ನಿಲ್ಲಬಹುದು. ಧೋಬಿಗಳು, ದರ್ಜಿಗಳು, ಶೂಟಿಂಗ್ ತಂಡ, ರೈಲು ಹಳಿ. 2002ರ ಪಂಜಾಬಿಗೆ ಹೋಲಿಸಿದರೆ ನೋಡಿ ಬರೆದ ಊರು ಇದು, ಕೇಳಿ ಬರೆದದ್ದಲ್ಲ. 2021ರಲ್ಲಿ ಮೂರನೆಯದು ಬಂತು. 2023ರಲ್ಲಿ ಮೂರನ್ನೂ ಸೇರಿಸಿ ‘ವರ್ಲ್ಡ್ ಆಫ್ ಅಸಾಸಿನೇಷನ್’ ಎಂದು ಹೆಸರಿಟ್ಟರು.

ಅಬ್ಸಲ್ಯೂಷನ್ ಈಗ ಆಗಾಗ ರಿಯಾಯಿತಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೊಳ್ಳುವವರಿಗೆ ನನ್ನದೊಂದು ಸಲಹೆ: ಚೈನಾಟೌನ್ ಭಾಗವನ್ನು ಬೇರೆ ಬೇರೆ ಬಗೆಯಲ್ಲಿ ನಾಲ್ಕಾರು ಸಲ ಆಡಿ, ಕಥೆಯನ್ನು ಸಿನಿಮಾದಂತೆ ಒಮ್ಮೆ ನೋಡಿ, ಓಡುವ ಭಾಗಗಳನ್ನು ಸುಲಭದ ಮಟ್ಟದಲ್ಲಿ ಬೇಗ ದಾಟಿಬಿಡಿ. ಕಂಪ್ಯೂಟರ್ ಇಲ್ಲದವರಿಗೆ ‘ಬ್ಲಡ್ ಮನಿ’ 2023ರ ನವೆಂಬರಿನಿಂದ ಮೊಬೈಲಿನಲ್ಲೇ ಸಿಗುತ್ತಿದೆ, ‘ರಿಪ್ರೈಸಲ್’ ಎಂಬ ಹೆಸರಿನಲ್ಲಿ. ಪ್ಯಾರಿಸ್ಸಿನ ಒಪೆರಾ ಇದೆ, ತೂಗುದೀಪ ಇದೆ, ಮರುದಿನದ ಪತ್ರಿಕೆಯೂ ಇದೆ. ಫೋನಿನ ಸಣ್ಣ ಪರದೆಯಲ್ಲಿ ಜನರನ್ನು ಗುರುತಿಸುವುದು ಕಷ್ಟವೆಂದೋ ಏನೋ, ಗೋಡೆಯಾಚೆ ತೋರಿಸುವ ಇನ್‌ಸ್ಟಿಂಕ್ಟ್ ಬಟನ್ ಒಂದನ್ನು ಹೊಸದಾಗಿ ಸೇರಿಸಿದ್ದಾರೆ. ಒತ್ತದೆಯೂ ಆಡಬಹುದು.